ನಾಲ್ಕರ ಕಾಲು

ತುರಿನ್, 1957

ಜೂನ್ 11
ಬೆಳಿಗ್ಗೆಯಿಂದ ಫ್ಯಾಕ್ಟರಿಯಲ್ಲಿ ಹೊಸ ಅಚ್ಚಕ್ಷರಗಳ ನಕ್ಷೆ ಬರೆಯುತ್ತ ಸಣ್ಣ ‘g’ ಜೊತೆ ಗುದ್ದಾಟ. ಹೊಟ್ಟೆ ಸರಿಹೋದರೆ ಬಾಲ ಕೆಡುತ್ತದೆ. ಸಂಜೆ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದರು. ಹೆಂಡತಿಗೆ ಲಿವರ್ ಕಾಯಿಲೆಯಂತೆ. ಡೆಲ್ಫೀನಾ ಚಳಿಗಾಲ ಕಾಣುವುದು ಕಷ್ಟ ಎಂದರು. ಬರೀ ಗ್ಯಾಸ್ಟ್ರಿಕ್ ಎಂದು ಅವಳಿಗೆ ಸುಳ್ಳು ಹೇಳಿದೆ. ನಂಬಿದ ಹಾಗೆ ಕಂಡಳು.

ಜೂನ್ 30
ಮೂಲೆಯ ಗೋಡೆ ಮೇಲೆ ಹೊಸ ಸಾವಿನ ಚೀಟಿ. ಕಪ್ಪು ಅಂಚು, ಹೆಸರು, ವಯಸ್ಸು. ಬ್ರೆಡ್ ಅಂಗಡಿ ಮುದುಕಿ ಹೋದಳು. ಡೆಲ್ಫೀನಾ ನಿಂತು ಓದಿದಳು.
“ಎಂಥ ಕೊಳಕು ಅಕ್ಷರ. ನನ್ ಹೆಸ್ರು ನಿನ್ ಹೊಸಾ ಅಕ್ಷರದಲ್ಲೇ ಹಾಕಿಸ್ಬೇಕು, ಆಯ್ತಾ?”
“ಅದು ಮದುವೆ ಪತ್ರಿಕೆಗೆ ಅಂತ ಮಾಡ್ತಿರೋದು ಕಣೇ.”
“ನಮ್ ಮದ್ವೇಲಿ ಪತ್ರಿಕೆ ಎಲ್ಲಿತ್ತು?”
ಹಾಗಾದರೆ ಎಲ್ಲಾ ಗೊತ್ತು ಅವಳಿಗೆ.

ಜುಲೈ 22
ಅಕ್ಷರಗಳೆಲ್ಲ ಸೀಸದಲ್ಲಿ ಎರಕವಾಗಿ ಬಂದವು. ಉಳಿದದ್ದು ಅಂಕಿಗಳು ಮಾತ್ರ.
“ಅಂಕಿ ಇಲ್ದೆ ವಯಸ್ಸು ಹೆಂಗ್ ಹಾಕಿಸ್ತೀಯ? ನೀನು ಮುಗಿಸೋವರ್ಗೂ ನಾನು ಹೋಗಲ್ಲ ಬಿಡು,” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವಳಿಗೀಗ ನಲವತ್ತೇಳು.

ಆಗಸ್ಟ್ 28
ರಜೆ ಮುಗಿದು ಫ್ಯಾಕ್ಟರಿ ತೆರೆಯಿತು. ಮ್ಯಾನೇಜರ್ ಗ್ರಿಬೌದೊ ಮೇಜಿನ ಹತ್ತಿರವೇ ಬಂದರು.
“ಏನಪ್ಪಾ ಎವಾಸಿಯೊ, ಎಲ್ಲಾ ಅಂಕಿ ಬಂತು, ನಾಲ್ಕೆಲ್ಲಿ? ಒಂದು ನಾಲ್ಕಕ್ಕೆ ಒಂದು ತಿಂಗಳಾ?”
“ಓರೆ ಗೆರೆ ಕೂರ್ತಿಲ್ಲ ಸಾರ್.”
ಬರೀ ಸುಳ್ಳು. ಶುರುವನ್ನೇ ಮಾಡಿಲ್ಲ. ಹುಚ್ಚುತನ ಅಂತ ಗೊತ್ತು. ಆದರೂ ಅವಳ ಆ ಮಾತು ನೆನಪಾಗಿ ಪೆನ್ಸಿಲ್ ಮುಟ್ಟಲು ಭಯ...

ಸೆಪ್ಟೆಂಬರ್ 14
ಅವಳಿಗೆ ನೋವು ಜಾಸ್ತಿ. ಎರಡು ಚಮಚ ಸೂಪೂ ಇಳಿಯಲಿಲ್ಲ.
“ನಾಲ್ಕು ಬರ್ದಿಲ್ಲ, ಅಲ್ವಾ?”
ಸೂಪಿನ ಬಟ್ಟಲು ಕೆಳಗಿಟ್ಟೆ.
“ಬರ್ದುಬಿಡೋ. ಸಾಕಾಗಿದೆ ನಂಗೆ.”

ಸೆಪ್ಟೆಂಬರ್ 17
ಬರೆದೆ. ಚೆನ್ನಾಗಿಯೇ ಬಂತು — ಅದೇ ಸಂಕಟ. ಹಾಸಿಗೆ ಹತ್ತಿರ ಹಿಡಿದೆ. ಕನ್ನಡಕ ಕೇಳಿದಳು. ತುಂಬ ಹೊತ್ತು ನೋಡಿದಳು.
“ಕಾಲು ಒಂಚೂರು ಉದ್ದ ಆಯ್ತಲ್ವಾ?”
ಆಗಿರಲಿಲ್ಲ. ಅವಳ ಮುಖ ನೋಡಿದೆ.
“ಹೌದು ಕಣೇ, ಉದ್ದ ಆಯ್ತು.”
ಹಾಳೆ ಹರಿದು ಹಾಕಿದೆ. ನನ್ನ ಕೈ ಹಿಡಿದುಕೊಂಡೇ ಮಲಗಿದಳು.

ಸೆಪ್ಟೆಂಬರ್ 21
ಬೆಳಿಗ್ಗೆ ಪ್ರೆಸ್ಸಿನ ಸೆಕೊಂದೊ ಬಂದ. ಟೋಪಿ ಕೈಯಲ್ಲಿತ್ತು.
“ಮೇಷ್ಟ್ರೇ, ಚೀಟಿಗೆ ಅಮ್ಮಾವ್ರ ಹೆಸ್ರು ನಿಮ್ ಅಕ್ಷರದಲ್ಲೇ ಜೋಡ್ಸಿದೀನಿ. ವಯಸ್ಸಿಗೆ ಹಳೇ ನಾಲ್ಕು ಹಾಕ್ಲಾ?”
ಬೇಡ ಎಂದೆ. ಈಗಲೇ ಬರೆದುಕೊಡುತ್ತೇನೆ, ಅಚ್ಚಿನ ಬ್ಲಾಕ್ ಮಾಡಿಸು ಎಂದೆ. ಬಾಗಿಲ ಹೊರಗೆ ಕಾಯುತ್ತಿದ್ದಾನೆ.
ಓರೆ ಗೆರೆ ಆಯಿತು. ಅಡ್ಡ ಗೆರೆಯೂ ಆಯಿತು. ಕಾಲು —