ಗೇಟಿನ ಸರಪಳಿ

ಅಕ್ಕಾ,

ನಾನು ಮಾತಾಡ್ತೀನಿ, ಫೋನೇ ಬರ್ಕೊಳ್ಳುತ್ತೆ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೋ.

ನನ್ನ ಫೀಸು ಮನ್ನಾ ಆಯ್ತು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ಯಂತೆ. ಇನ್ಮೇಲೆ ಯಾರಿಗೂ ಹೇಳ್ಬೇಡ.

ನಮ್ಮ ಸರ್ಕಾರಿ ತರಬೇತಿ ಶಾಲೇಲಿ ಈ ವರ್ಷ ಫೀಸು ಎರಡು ಪಟ್ಟು ಮಾಡಿದ್ರು. ವೆಲ್ಡಿಂಗ್ ಕಲಿಯೋರು, ಹೊಲಿಗೆ ಕಲಿಯೋರು ಎಲ್ಲಾ ಸೇರಿ ಗೇಟಿಗೆ ಸರಪಳಿ ಬಿಗಿದು ಕೂತ್ವಿ. ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಾನೇ. ಮೂರನೇ ದಿನ ಪ್ರಿನ್ಸಿಪಾಲರು ನನ್ನೊಬ್ಬನ್ನೇ ಒಳಗೆ ಕರೆಸಿದ್ರು. "ನಿನ್ನ ಕೈಚಳಕ ಚೆನ್ನಾಗಿದೆಯಪ್ಪಾ. ಆ ಸರಪಳಿ ಕತ್ತರಿಸ್ಕೊಡು, ನಿನ್ನ ಫೀಸು ನಾನು ನೋಡ್ಕೋತೀನಿ" ಅಂದ್ರು.

ನಾನು ಕಬ್ಬಿಣ ಉಜ್ಜೋಕೂ ಕತ್ತರಿಸೋಕೂ ಆಗೋ ಗ್ರೈಂಡರ್ ಹಿಡ್ಕೊಂಡು ಹೋದಾಗ ನಮ್ಮೋರು ಶಿಳ್ಳೆ ಹೊಡೆದ್ರು. ಕಬ್ಬಿಣ ಬೆಸೆಯೋಕೆ ಮುಂಚೆ ಉಜ್ಜಬೇಕಲ್ಲ, ಕೊಂಡಿಗಳನ್ನ ಗೇಟಿಗೇ ಬೆಸೆಯೋಕೆ ಬಂದಿದಾನೆ ಅನ್ಕೊಂಡ್ರು. ಬಾಡಿಗೆ ರೂಮಲ್ಲಿ ನನ್ನ ಜೊತೆಗಿರೋ ಗುಂಡ ಸರಪಳಿ ಅಲ್ಲಾಡದ ಹಾಗೆ ತಾನೇ ಎಳೆದು ಹಿಡ್ಕೊಂಡ. "ಲೇ, ಕನ್ನಡಕ ಹಾಕ್ಕೊಳೋ, ಕಣ್ಣು ಕಳ್ಕೊಂಡೀಯ" ಅಂದ. ತುಂಡಾದ ಸರಪಳಿ ಅವನ ಕೈಯಲ್ಲೇ ಉಳೀತು. ಪೊಲೀಸರು ಒಳಗೆ ನುಗ್ಗಿದ್ರು. ಸರಪಳಿ ಕೈಯಲ್ಲಿದ್ದೋನೇ ಗೇಟು ಬಿಗಿದೋನು ಅಂತ ಪ್ರಿನ್ಸಿಪಾಲರು ಅವನ ಹೆಸರು ಹಾಜರಿ ಪುಸ್ತಕದಿಂದ ತೆಗೆದ್ರು.

ನಾಳೆ ಬೆಳಗ್ಗೆ ಮನ್ನಾ ಬೇಡ ಅಂತ ಬರೆದುಕೊಟ್ಟು, ದಿನಾ ಗೇಟಿನ ಹೊರಗೆ ಒಬ್ಬನೇ ಕೂರೋ ಅವನ ಪಕ್ಕ ನಾನೂ ಕೂರ್ತೀನಿ. ನನ್ನ ಹೆಸರೂ ಹೋಗಬಹುದು. ಅಮ್ಮಂಗೆ ನೀನೇ ಹೇಳು.

ಇನ್ನೊಂದು, ಒಂದ್ಸಲ ಫೋನ್ ಮಾಡಿ ನನ್ನ ಚೆನ್ನಾಗಿ ಬೈಯಿ. ಗುಂಡ ಬೈತಾನೇ ಇಲ್ಲ ಅಕ್ಕಾ. ರಾತ್ರಿ ನನ್ನ ಪಾಲಿನ ಊಟ ಮುಚ್ಚಿಟ್ಟು, ಗೋಡೆ ಕಡೆ ತಿರುಗಿ ಮಲಗಿಬಿಡ್ತಾನೆ.

ಮುಖ ತೋರಿಸೋಕಾಗದ,
ನಿನ್ನ ತಮ್ಮ