ಹನ್ನೊಂದು ಡಬ್ಬಿಯ ಊಟ

ಜೂನ್ ೧೧, ಬುಧವಾರ. ತಾಳ್ಯ.

ನನಗಿಂತ ಚೆನ್ನಾಗಿ ಯಾವ ಮೇಷ್ಟ್ರು ಹೇಳಿಕೊಟ್ಟಾರು ಎಂಬ ಜಂಬದಲ್ಲಿ ಮಗಳು ಕೀರ್ತನಾಳನ್ನು ಹೈಸ್ಕೂಲಿಗೆ ಕಳಿಸದೆ ಎರಡು ವರ್ಷ ಮನೆಯಲ್ಲೇ ಓದಿಸಿದೆ. ಹತ್ತನೆಯದನ್ನೂ ಖಾಸಗಿಯಾಗಿ ಬರೆಸೋಣವೆಂದು ಇವತ್ತು ಅವಳನ್ನು ಕರೆದುಕೊಂಡು ಶಾಲೆಗೆ ವಿಚಾರಿಸಲು ಹೋದೆ. ಊಟದ ಬೆಲ್ ಹೊಡೆಯಿತು. ಬೇವಿನ ಮರದಡಿ ಹುಡುಗಿಯರು ಡಬ್ಬಿ ಬಿಚ್ಚಿ ದುಂಡಗೆ ಕೂತರು.

“ಲೇ, ಹೊಸಬಳೇ, ಕಂಬದಂಗೆ ನಿಂತಿದೀಯಲ್ಲ! ಬಾ, ಕುಂತ್ಕ,” ಎಂದಳೊಬ್ಬಳು.

ಕೀರ್ತನಾ ಹೋಗಿ ಕೂತು ಹನ್ನೊಂದು ಡಬ್ಬಿಯಿಂದ ಒಂದೊಂದು ತುತ್ತು ತಿಂದಳು. ನಾನು ಎಣಿಸಿದೆ. ಅವಳು ಅಷ್ಟು ಜೋರಾಗಿ ನಗುತ್ತಾಳೆಂಬುದೇ ನನಗೆ ಮರೆತುಹೋಗಿತ್ತು.

ಬೈಕಿನಲ್ಲಿ ಬರುವಾಗ, “ಅಪ್ಪಾ, ಸುಳ್ಳು ಹೇಳ್ಬಿಟ್ಟೆ. ನಾಳೆ ನಾನೂ ಡಬ್ಬಿ ತರ್ತೀನಿ ಅಂದೆ,” ಎಂದಳು.

ಮನೆ ಮುಟ್ಟಿದ ಕೂಡಲೇ ಅಟ್ಟ ಹತ್ತಿದೆ.

ಅವಳ ಹಳೇ ಡಬ್ಬಿ ಇಳಿಸಿ ತೊಳೆದಿಟ್ಟಿದ್ದೇನೆ. ಮುಚ್ಚಳ ಸಡಿಲ, ಸಾರು ಚೆಲ್ಲುತ್ತದೆ. ನಾಳೆಗೆ ರೊಟ್ಟಿ, ಚಟ್ನಿಪುಡಿ ಸಾಕು. ಹೆಡ್‌ಮಾಸ್ಟರು ಬರುವ ಮೊದಲೇ ಶಾಲೆಯ ಬಾಗಿಲಲ್ಲಿ ನಿಂತಿರಬೇಕು, ಇವಳನ್ನು ಹತ್ತನೆಯ ತರಗತಿಗೆ ಸೇರಿಸಿಕೊಳ್ಳಿ ಎಂದು ಕೇಳಲು.