ನೀವು ಅಳಿಸಿದ ಕೆಂಪು ಕೈ

ನಗರ ಸೌಂದರ್ಯೀಕರಣದ ಮಾನ್ಯ ಅಧಿಕಾರಿಗಳೇ,

ನೀವು ನಮ್ಮ ಓಣಿಯ ಗೋಡೆಗೆ ಬೂದು ಬಣ್ಣ ಬಳಿಸಿದ ಹನ್ನೊಂದನೆಯ ದಿನ ನಮ್ಮ ಅಮ್ಮ ಚರಂಡಿಗೆ ಬಿದ್ದು ಸತ್ತಳು. ನಿಮ್ಮ ಕಚೇರಿ ಇದನ್ನು ಆಕಸ್ಮಿಕ ಎಂದು ಬರೆದುಕೊಂಡಿದೆ. ನಾನು ಹಾಗೆ ಬರೆಯಲಾರೆ.

ನಿಮ್ಮ ಆದೇಶವನ್ನು ಓದಿದ್ದೇನೆ. ಕೈಬರಹದ ಬೋರ್ಡು, ಗೋಡೆಬರಹ, ಗೀಚು ಎಲ್ಲವೂ 'ದೃಶ್ಯ ಮಾಲಿನ್ಯ'ವಂತೆ. ಕ್ಷೌರದಂಗಡಿಯವನು ತಾನೇ ಬರೆದುಕೊಂಡ ಕತ್ತರಿ, ಸೈಕಲ್ ರಿಪೇರಿಯವನ ಸೊಟ್ಟ ಚಕ್ರ, 'ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು' ಎಂಬ ಘೋಷಣೆ, ಇವೆಲ್ಲ ನಿಮ್ಮ ಕಣ್ಣಿಗೆ ಕಸ. ಚಿತ್ರಕಲಾ ಶಾಲೆಯ ಮೆಟ್ಟಿಲು ಹತ್ತದವರು ಬರೆದದ್ದು, ಒಪ್ಪಿದೆ. ಆದರೆ ಸ್ವಾಮಿ, ಓದು ಬಾರದವರಿಗೆ ಈ ಊರಿನ ದಾರಿ ಹೇಳಿದ್ದು ನಿಮ್ಮ ಹೊಳೆಯುವ ಫಲಕವೋ, ಆ ಕತ್ತರಿಯೋ?

ನಮ್ಮ ಓಣಿಯಲ್ಲಿ ಚರಂಡಿಯ ಚಪ್ಪಡಿ ಒಡೆದು ಮೂರು ವರ್ಷವಾಯಿತು. ಮಳೆ ಸುರಿದರೆ ನೆಲ ಯಾವುದು, ಗುಂಡಿ ಯಾವುದು ತಿಳಿಯದು. ಅರ್ಜಿ ಕೊಟ್ಟು ಕೊಟ್ಟು ಚಪ್ಪಲಿ ಸವೆದ ಮೇಲೆ, ಬೋರ್ಡು ಬರೆಯುವ ನನ್ನ ಅಣ್ಣ ಗುಂಡಿಗೆ ಎರಡು ಹೆಜ್ಜೆ ಮೊದಲು ಗೋಡೆಯ ಮೇಲೆ ದೊಡ್ಡದೊಂದು ಕೆಂಪು ಅಂಗೈ ಬರೆದ. ಬಿಸಿಲಿಗೆ ಕೆಂಪು ಬೇಗ ಮಾಸುತ್ತದೆಂದು ಪ್ರತಿ ಮಳೆಗಾಲಕ್ಕೆ ಮುಂಚೆ ಮತ್ತೆ ಬಳಿಯುತ್ತಿದ್ದ. ಗೋಡೆ ಹಿಡಿದು ನಡೆಯುವುದು, ಕೈ ಕಂಡಲ್ಲಿ ಗೋಡೆ ಬಿಟ್ಟು ಓಣಿಯ ನಡುವಿಗೆ ಸರಿಯುವುದು ನಮ್ಮೆಲ್ಲರ ರೂಢಿಯಾಯಿತು. ನೆಲ ನೋಡುವುದನ್ನೇ ಮರೆತೆವು.

ಅಂದು ಬಣ್ಣ ಬಳಿದ ಮೇಲಿನ ಮೊದಲ ಮಳೆ. ಕಣ್ಣು ಮಂಜಾಗಿದ್ದ ಅಮ್ಮ ಹಳೆಯ ರೂಢಿಯಂತೆ ಗೋಡೆ ಸವರುತ್ತಾ ಬರುತ್ತಿದ್ದಳು. ಎದುರುಮನೆಯ ಸೊಸೆ ಬಾಗಿಲಿನಿಂದ ಕೂಗಿದಳು.

"ಅಜ್ಜೀ, ಗೋಡೆ ಬಿಡಿ! ಈ ಕಡೆ ಬನ್ನಿ!"

"ಕೈ ಇನ್ನೂ ಬಂದಿಲ್ಲ ಕಣಮ್ಮ" ಎಂದಳು ಅಮ್ಮ. ಅದೇ ಕೊನೆಯ ಮಾತು.

ಅಣ್ಣ ಮೂಲೆ ಹಿಡಿದು ಕೂತಿದ್ದಾನೆ. "ನಾನು ಅದನ್ನ ಬರೀಲೇಬಾರದಿತ್ತು. ಗೋಡೆ ನಂಬೋದು ಕಲಿಸಿದ್ದೇ ನಾನು" ಎನ್ನುತ್ತಾನೆ. ಅವನನ್ನು ಸಮಾಧಾನಪಡಿಸುವ ಮಾತು ನಿಮ್ಮಲ್ಲಿದೆಯೇ?

ಕಳೆದ ವಾರ ನಿಮ್ಮ ಬೂದು ಗೋಡೆಯ ಮೇಲೆ ಮತ್ತೆ ಕೆಂಪು ಕೈ ಮೂಡಿತು. ಮರುದಿನವೇ ಅಣ್ಣನ ಹೆಸರಿಗೆ ನೋಟಿಸು ಬಂತು: ಸಾರ್ವಜನಿಕ ಗೋಡೆಯ ವಿರೂಪ! ಒಂದು ಚಪ್ಪಡಿಗೆ ಮೂರು ವರ್ಷ ಸಾಲದ ಕಚೇರಿಗೆ ಗಾಯದ ಮೇಲೆ ಬರೆ ಎಳೆಯಲು ಒಂದೇ ದಿನ ಸಾಕಾಯಿತು.

ಚಪ್ಪಡಿ ಹಾಕಿಸಿ. ಅಲ್ಲಿಯವರೆಗೆ ಆ ಗೋಡೆಯನ್ನು ಮುಟ್ಟಬೇಡಿ. ಜೊತೆಗೆ ನೋಟಿಸಿನಲ್ಲಿರುವ ಹೆಸರನ್ನೂ ತಿದ್ದಿಕೊಳ್ಳಿ. ಅಮ್ಮ ಹೋದ ಮೇಲೆ ಅಣ್ಣ ಕುಂಚ ಮುಟ್ಟಿಲ್ಲ. ಗೋಡೆಯ ಮೇಲಿನ ಆ ಹೊಸ ಕೈಯ ಬದನೆಕಾಯಿಯಂಥ ಬೆರಳುಗಳನ್ನು ನೋಡಿಯಾದರೂ ನಿಮಗೆ ತಿಳಿಯಬೇಕಿತ್ತು, ಅದು ಪಳಗಿದವನ ಕೆಲಸವಲ್ಲ. ಬರೆದವಳು ನಾನು. ಅಳಿಸಿದರೆ ಮತ್ತೆ ಬರೆಯುತ್ತೇನೆ.

ಇಂತಿ,
ನಿಮ್ಮ ನಗರದ ಅಂದ ಕೆಡಿಸಿದವಳು